ಮೂರನೇ ದಿನದ ಹಾಲು

ಹಗರಿಬೊಮ್ಮನಹಳ್ಳಿ
17-1-1999

ಅಣ್ಣ ದೊಡ್ಡಬೀರಪ್ಪನಿಗೆ ತಂಗಿ ಪಕ್ಕೀರಮ್ಮನ ನಮಸ್ಕಾರಗಳು.

ನಾನು ಬದುಕಿದ್ದೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಆಗಸ್ಟ್ ತಿಂಗಳಲ್ಲಿ ಹೇಳದೆ ಕೇಳದೆ ಮನೆ ಬಿಟ್ಟವಳು ಕೆರೆಗೋ ಬಾವಿಗೋ ಬಿದ್ದಿರಬೇಕು ಎಂದು ನೀವು ಹುಡುಕಿಸಿದ್ದು ನನಗೆ ಗೊತ್ತಾಗಿದೆ. ಬೀಳಲಿಲ್ಲ. ಇಲ್ಲಿ ಕ್ರೈಸ್ತರು ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದೇನೆ. ಏಳನೇ ಕ್ಲಾಸಿನವರೆಗೆ ಕಲಿತದ್ದು ಮರೆತಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ನಿನಗೆ ಓದು ಬಾರದು. ಊರಿಗೆ ಹಾಕಿದರೆ ಓದಿ ಹೇಳುವವರು ಊರ ಹಿರಿಯರ ಮನೆಯವರು. ನಿನ್ನ ಕಿವಿಗೆ ಬೀಳುವ ಮೊದಲೇ ಬೀರಪ್ಪನ ಗುಡಿಯ ಕಟ್ಟೆಗೆಲ್ಲ ಸುದ್ದಿಯಾಗುತ್ತದೆ. ಅದಕ್ಕೇ ಕೊಟ್ಟೂರಿನ ಅತಾವುಲ್ಲಾ ಅಣ್ಣನ ರೇಡಿಯೋ ರಿಪೇರಿ ಅಂಗಡಿಗೆ ಹಾಕಿದ್ದೇನೆ. ಸಂತೆಗೆ ಬಂದಾಗ ಓದಿಸಿಕೋ.

ಅಣ್ಣಾ, ಮೊನ್ನೆ ನಾನು ನಕ್ಕೆ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕದ್ದಲ್ಲ, ಮೊರದಲ್ಲಿದ್ದ ಅಕ್ಕಿ ಚೆಲ್ಲುವ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೈಲಾರಿ ಸತ್ತ ಮೇಲೆ ಇದೇ ಮೊದಲು. ಗಂಡನ ಹೆಸರು ಬರೆದಳೆಂದು ಬೆಚ್ಚಬೇಡ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹನ್ನೊಂದು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ಆಯುಷ್ಯವೇನೂ ಬೆಳೆಯಲಿಲ್ಲ. ಇನ್ನು ಹೇಳುತ್ತೇನೆ. ಮೈಲಾರಿ, ಮೈಲಾರಿ, ಮೈಲಾರಿ.

ಯಾಕೆ ನಕ್ಕೆ ಎಂದು ತಿಳಿಯಬೇಕಾದರೆ ಆ ದಿನದ ಮಾತು ಎತ್ತಲೇಬೇಕು. ಹೋದ ಮೇ ತಿಂಗಳಲ್ಲಿ ಕುರಿ ಕಾಯುತ್ತ ಬೇವಿನ ಮರದ ಕೆಳಗೆ ನಿಂತಿದ್ದವನಿಗೆ ಸಿಡಿಲು ಬಡಿಯಿತು. ಮಣ್ಣು ಮಾಡಿ ಬಂದಿರಿ, ನೀನು ನನ್ನನ್ನು ನಿನ್ನ ಮನೆಗೆ ಕರೆತಂದೆ. ಮೂರನೇ ದಿನ ಗೋರಿಗೆ ಹಾಲು ತುಪ್ಪ ಬಿಡಲು ಹೆಂಗಸರು ಗಂಡಸರು ಎಲ್ಲ ಹೊರಟರು. ನಾನೂ ಎದ್ದು ಹಾಲಿನ ಚೊಂಬು ಹಿಡಿದೆ. ನೀನು ನನ್ನ ರಟ್ಟೆ ಹಿಡಿದು ಹೊಸ್ತಿಲೊಳಗೆ ಎಳೆದೆ. "ನಮ್ಮ ಮನಿತನದಾಗ ಗಂಡನ್ನ ಕಳಕೊಂಡಾಕಿ ಮೂರು ದಿನದ ಮಣ್ಣಿಗೆ ಹೋಗಂಗಿಲ್ಲ" ಅಂದೆ. ಚೊಂಬು ಉರುಳಿತು. ಅಂಗಳಕ್ಕೆ ಹರಿದ ಹಾಲನ್ನು ನಾಯಿ ನೆಕ್ಕಿತು. ನಾನು ಮೂಲೆಯಲ್ಲಿ ಕೂತು ಅದನ್ನು ನೋಡಿದೆ.

ಇಲ್ಲಿ ನನ್ನ ಜೊತೆ ಅಡುಗೆ ಮಾಡುವ ಓಬಮ್ಮ ಎಂಬ ಮುದುಕಿ ಇದ್ದಾಳೆ. ಅಕ್ಕಿ ಆರಿಸುತ್ತ ಅವರ ದೇವರ ಕಥೆ ಹೇಳಿದಳು. "ನಮ್ಮ ಯೇಸಪ್ಪನ್ನ ಶುಕ್ರವಾರ ಕೊಂದ್ರು. ಗವಿಯಾಗ ಇಟ್ಟು ಬಾಯಿಗೆ ದೊಡ್ಡ ಕಲ್ಲು ಮುಚ್ಚಿದ್ರು. ಮೂರನೇ ದಿನ ನಸುಕಿನ್ಯಾಗ ಹೆಂಗಸರು ಮಣ್ಣಿಗೆ ಹೋದ್ರು."

ನಾನು ಕೇಳಿದ್ದು ಒಂದೇ. "ಅವರ ರಟ್ಟಿ ಹಿಡಿದು ಯಾರೂ ಎಳೀಲಿಲ್ಲೇನು?"

"ಎಳಿಯಾಕ ಗಂಡಸರು ಎಲ್ಲಿದ್ರು? ಹೆದರಿ ಬಾಗ್ಲಾ ಹಾಕ್ಕೊಂಡು ಒಳಗ ಕುಂತಿದ್ರು."

ನಕ್ಕದ್ದು ಆಗ. ಅವಳು ಮುಂದೆ ಹೇಳಿದಳು. ಕಲ್ಲು ಸರಿದಿತ್ತು, ಒಳಗೆ ಹೆಣ ಇರಲಿಲ್ಲ, ಅವನು ಎದ್ದಿದ್ದ. ಹೆಂಗಸರು ಓಡಿಬಂದು ಹೇಳಿದರೆ ಗಂಡಸರು, "ಇವರಿಗೆ ತಲಿ ಕೆಟ್ಟೈತಿ" ಅಂದರಂತೆ. ಮತ್ತೊಮ್ಮೆ ನಕ್ಕೆ. ಆಮೇಲೆ ಎಷ್ಟು ಅತ್ತೆನೆಂದರೆ ಆ ಅಕ್ಕಿಯನ್ನು ಓಬಮ್ಮ ಬಿಸಿಲಿಗೆ ಹರವಿ ಒಣಗಿಸಬೇಕಾಯಿತು. ಸತ್ತವನು ಎದ್ದ ಸುದ್ದಿ ಮೊದಲು ಮುಟ್ಟಿದ್ದು ಮೂರು ದಿನದ ಮಣ್ಣಿಗೆ ಹೋದ ಹೆಂಗಸರಿಗೆ! ನಾನು ನಂಬಿದೆ ಅಣ್ಣಾ. ಯಾರೂ ಆಸೆ ತೋರಿಸಿ ನಂಬಿಸಲಿಲ್ಲ, ಹೆದರಿಸಿ ನಂಬಿಸಲಿಲ್ಲ. ಸಾವೇ ಕೊನೆಯಲ್ಲ ಅಂದರೆ ನನ್ನ ಮೈಲಾರಿಯೂ ಆ ಕಲ್ಲುಗಳಡಿ ಮುಗಿದುಹೋಗಿಲ್ಲ. ಇಷ್ಟು ಸಂತೋಷ ನನಗೆ ಲಗ್ನದಲ್ಲೂ ಆಗಿರಲಿಲ್ಲ.

ಅವರು ಅವನು ಎದ್ದ ದಿನವನ್ನು ವರ್ಷವರ್ಷ ಹಬ್ಬ ಮಾಡುತ್ತಾರೆ. ಈ ಸಲ ಏಪ್ರಿಲ್ ನಾಲ್ಕು, ಭಾನುವಾರ. ಅಂದು ನಸುಕಿಗೆ ನಾನು ಊರಿಗೆ ಬಂದು ಮೈಲಾರಿಯ ಮಣ್ಣಿಗೆ ಹಾಲು ಬಿಡುತ್ತೇನೆ. ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಿನ್ನ ತಂಗಿ,
ಪಕ್ಕೀರಮ್ಮ


ಕೊಟ್ಟೂರು
2-2-1999

ತಂಗಿ ಪಕ್ಕೀರಮ್ಮನಿಗೆ,

ಬೀರಪ್ಪಣ್ಣ ಅಂಗಡಿಯಲ್ಲಿ ನನ್ನೆದುರು ಕೂತು ಹೇಳುತ್ತಿದ್ದಾನೆ, ಬರೆಯುವವನು ಅತಾವುಲ್ಲಾ. ನಿನ್ನ ಕಾಗದ ಓದುವಾಗ ಗಿರಾಕಿಗಳಿಗೆ ಕೇಳಬಾರದೆಂದು ಎರಡು ರೇಡಿಯೋ ಜೋರಾಗಿ ಹಚ್ಚಿದ್ದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಕೆಳಗೆ ಬರೆದಿದ್ದೇನೆ. ಬೈಗುಳ ಮಾತ್ರ ಬಿಟ್ಟಿದ್ದೇನೆ, ಬಿಟ್ಟ ಕಡೆ ಗೆರೆ ಎಳೆದಿದ್ದೇನೆ.

"ಪಕ್ಕೀರೀ, ನೀ ಬದುಕೀದಿ ಅಂತ ಕೇಳಿ ನಿಮ್ಮ ಅತ್ತಿಗಿ ಮಾಳಮ್ಮ ಅತ್ತಳು. ನಾ ಅಳಲಿಲ್ಲ. ಮೂರು ಕೆರಿ ನೀರಾಗ ಮುಳುಗಿ ನಿನ್ನ ಹುಡುಕೀನಿ ನಾನು, ———. ಮನಿಗೆ ಮಾರಿ ಊರಿಗೆ ಉಪಕಾರಿ ಅಂದಂಗ, ನಮ್ಮ ಮನ್ಯಾಗ ನಾಕು ರೊಟ್ಟಿ ಬಡಿಯಾಕ ಆಗದಾಕಿ ಅಲ್ಲಿ ಊರ ಮಕ್ಕಳಿಗೆಲ್ಲ ಬಡಿಯಾಕತ್ತೀದಿ. ಇರಲಿ. ಹೊಟ್ಟಿ ತುಂಬ ಉಣ್ಣು.

"ಆದ್ರ ನೀ ಬೀರಪ್ಪನ ಪೂಜಾರಿ ಮನಿ ಹೆಣ್ಣು. ನಮ್ಮಪ್ಪ ಪೂಜಿ ಮಾಡ್ಯಾನ, ಅವರಪ್ಪ ಮಾಡ್ಯಾನ, ಈಗ ನಾ ಮಾಡಾಕತ್ತೀನಿ. ನಿನಗ ಇನ್ನೊಂದು ದೇವರು ಬೇಕಾತು? ಸತ್ತೋರು ಏಳ್ತಾರಂತ, ———! ಮೈಲಾರಿ ಮಣ್ಣಿನ ಮ್ಯಾಲ ನನ್ನ ಕೈಯಾರೆ ಕಲ್ಲು ಹೇರೀನಿ, ನರಿ ಕೆದರಬಾರದಂತ. ಇಪ್ಪತ್ತೊಂದು ಕಲ್ಲು. ಅವನು ಏಳೋದಿದ್ರ ನನಗ ಮೊದಲು ಗೊತ್ತಾಗ್ತಿತ್ತು. ಈ ನೆಲಾನ ಬದುಕಿದೋರಿಗೆ ಬಿಟ್ಟು ಹೋಗ್ಯಾನ ಅವನು. ನನ್ನ ಜೋಡಿ ಒಂದೇ ಕಂಬಳಿಯಾಗ ಮಲಗಿದವನು. ಅವನ ಸುದ್ದಿ ನನಗ ಹೇಳಬ್ಯಾಡ.

"ಏಪ್ರಿಲ್ಲಿಗೆ ಬರಬ್ಯಾಡ. ಹಿಂದ ಏನು ಮಾಡಿದ್ನೋ ಅದನ್ನೇ ಮತ್ತ ಮಾಡಬೇಕಾಕೈತಿ. ಈಗ ರಟ್ಟಿ ಹಿಡಿದು ಎಳಿಯಾಕ ನಾ ಮೊದಲಿನಂಗ ಗಟ್ಟಿ ಇಲ್ಲ."

ಇಷ್ಟು ಹೇಳಿ ಚಹಾ ಕುಡಿಯಲು ಹೋಗಿದ್ದಾನೆ. ನನ್ನದೊಂದು ಮಾತು, ತಂಗಿ. ನಿಮ್ಮ ಯೇಸಪ್ಪನನ್ನು ನಾವು ಈಸಾ ನಬಿ ಅನ್ನುತ್ತೇವೆ. ನಮ್ಮಲ್ಲಿ ಅವರನ್ನು ಕೊಲ್ಲಲೇ ಇಲ್ಲ, ಅಲ್ಲಾಹ ಮೇಲಕ್ಕೆ ಎತ್ತಿಕೊಂಡ ಅಂತಾರೆ. ಅದರ ಮೇಲೆ ನಾನು ನಿನ್ನ ಹತ್ತಿರ ಜಗಳ ತೆಗೆಯುವುದಿಲ್ಲ. ಒಂದು ದಿನ ಎಲ್ಲರೂ ಗೋರಿಯಿಂದ ಏಳಬೇಕು ಅನ್ನುವುದು ನಮ್ಮಲ್ಲೂ ಇದೆ. ಇದನ್ನು ನಿನ್ನ ಅಣ್ಣನಿಗೆ ಹೇಳಿದೆ. "ಲೇ ಅತಾವುಲ್ಲಾ, ನೀನೂ ಶುರು ಹಚ್ಚಿದಿ?" ಎಂದು ಎದ್ದು ಹೋದ. ಚಹಾ ನೆಪ.

ಬೀರಪ್ಪಣ್ಣನ ಪರವಾಗಿ,
ಅತಾವುಲ್ಲಾ


ಹಗರಿಬೊಮ್ಮನಹಳ್ಳಿ
20-2-1999

ಅಣ್ಣನಿಗೆ,

ನಿನ್ನ ಗೆರೆಗಳನ್ನೆಲ್ಲ ಓದಿದೆ. ಯಾವ ಗೆರೆಯಲ್ಲಿ ಯಾವ ಬೈಗುಳ ಎಂದು ನನಗೆ ತಿಳಿಯದೇ? ಒಂದೇ ತಾಯಿಯ ಹಾಲು ಕುಡಿದವರು ನಾವು. ನೀನು ಮೂರು ಕೆರೆ ಹುಡುಕಿದ ಮಾತು ಓದಿ ಕಾಗದಕ್ಕೆ ಕೈಮುಗಿದೆ. ತಪ್ಪು ನನ್ನದೇ. ಹೇಳಿ ಹೋಗಬೇಕಿತ್ತು, ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ.

ಇಪ್ಪತ್ತೊಂದು ಕಲ್ಲು ಅಂದೆಯಲ್ಲ. ಆ ಹೆಂಗಸರಿಗೂ ಕಲ್ಲಿನದೇ ಚಿಂತೆಯಂತೆ. ನಮ್ಮ ಕೈಲಿ ಆಗುವ ಕಲ್ಲಲ್ಲ ಅದು, ಯಾರು ಸರಿಸಿಕೊಡುತ್ತಾರೆ ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡರಂತೆ. ಆದರೂ ಅರ್ಧ ದಾರಿಗೆ ತಿರುಗಲಿಲ್ಲ ನೋಡು. ನನಗೆ ಅವರು ಬಹಳ ಬೇಕಾದವರು ಅನಿಸುತ್ತದೆ.

ನೀನು ಒಬ್ಬನೇ ನನ್ನ ಮೇಲೆ ಸಿಟ್ಟಾದವನು ಎಂದು ತಿಳಿಯಬೇಡ. ಇಲ್ಲಿಯ ಪಾಸ್ಟರಯ್ಯನಿಗೂ ನನಗೂ ಜಗಳವಾಗಿದೆ. ಹೋದ ಭಾನುವಾರ ಸಭೆಯಲ್ಲಿ ಹೊಸಬರನ್ನು ಪರೀಕ್ಷೆ ಮಾಡಲು ಕೇಳಿದರು, "ಮೂರನೇ ದಿನ ಆ ಸ್ತ್ರೀಯರು ಸಮಾಧಿಗೆ ಯಾಕೆ ಹೋದರು?" ನಾನು ಎದ್ದು, "ಹಾಲು ತುಪ್ಪ ಬಿಡಾಕ ಹೋಗಿದ್ರುರಿ" ಅಂದೆ.

ಸಭೆಯೆಲ್ಲ ನಕ್ಕಿತು. "ಹಾಲು ತುಪ್ಪ ಅಲ್ಲಮ್ಮ, ದೇಹಕ್ಕೆ ಸುಗಂಧದ್ರವ್ಯ ಹಚ್ಚಲಿಕ್ಕೆ" ಎಂದರು.

"ಅವರ ಸೀಮ್ಯಾಗ ಅದು, ನಮ್ಮ ಸೀಮ್ಯಾಗ ಇದು. ಮೂರನೇ ದಿನ ಮಣ್ಣಿಗೆ ಹೋಗೋ ಹೆಂಗಸಿನ ಹೊಟ್ಟಿಯಾಗಿನ ಸಂಕಟ ಒಂದೇ ಅಲ್ಲೇನ್ರಿ?" ಎಂದೆ. ಆಗ ನಕ್ಕವರಲ್ಲಿ ಒಂದಿಬ್ಬರು ಮುದುಕಿಯರು ತಲೆ ಆಡಿಸಿದರು.

ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ನನಗೆ ಬರುವುದಿಲ್ಲವಲ್ಲ ಅದು. ಏಪ್ರಿಲ್ ನಾಲ್ಕಕ್ಕೆ ನನ್ನ ಗಂಡನ ಮಣ್ಣಿಗೆ ಹಾಲು ಬಿಡಲು ಹೋಗುತ್ತೇನೆ ಎಂದೂ ಹೇಳಿಬಿಟ್ಟೆ. ಅವರ ಮುಖ ಬಿಗಿಯಾಯಿತು. ಸಭೆ ಮುಗಿದ ಮೇಲೆ ಕರೆದು, "ಸತ್ತವರಿಗೆ ಎಡೆ ಇಡುವುದು ನಮ್ಮಲ್ಲಿ ಇಲ್ಲಮ್ಮ. ಆ ಹಬ್ಬದ ದಿನವೇ ನಿನಗೆ ದೀಕ್ಷಾಸ್ನಾನ ಕೊಡಬೇಕೆಂದಿದ್ದೆ. ಹಾಲು ಹಿಡಿದು ಹೋದರೆ ಅದು ಮುಂದಕ್ಕೆ ಹೋಗುತ್ತದೆ" ಎಂದರು.

"ನಾ ಸತ್ತೋರಿಗೆ ಬಿಡಾಕತ್ತಿಲ್ರಿ, ಏಳೋರಿಗೆ ಬಿಡಾಕತ್ತೀನಿ" ಎಂದೆ.

ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಆಮೇಲೆ "ಪ್ರಾರ್ಥನೆ ಮಾಡೋಣ" ಎಂದು ಕಣ್ಣು ಮುಚ್ಚಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ನಾನು ಬಂದಾಗ ಜಾತಿ ಕೇಳಲಿಲ್ಲ, ಬಳೆ ಇಲ್ಲದ ಬರಿಗೈ ಯಾಕೆ ಎಂದು ಕೇಳಲಿಲ್ಲ.

ಹೀಗೆ ನೋಡು ನನ್ನ ಪಾಡು. ನೀನು ಹಾಲು ಬಿಡಲು ಬರಬೇಡ ಅನ್ನುತ್ತೀ, ನಾನು ವಿಧವೆ ಎಂದು. ಅವರು ಹಾಲು ಬಿಡಬೇಡ ಅನ್ನುತ್ತಾರೆ, ನಾನು ಅವರವಳು ಎಂದು. ಇಬ್ಬರೂ ಗಂಡಸರೇ. ಮೂರನೇ ದಿನ ಇಬ್ಬರೂ ಬಾಗಿಲು ಹಾಕಿಕೊಂಡು ಒಳಗೆ ಇರುವವರೇ.

ನಾನು ಬರುತ್ತೇನೆ. ಅತ್ತಿಗೆಗೆ ಹೇಳು, ಅಳಬೇಡ ಅನ್ನು.

ನಿನ್ನ ತಂಗಿ,
ಪಕ್ಕೀರಮ್ಮ


ಕೊಟ್ಟೂರು
14-3-1999

ತಂಗಿ ಪಕ್ಕೀರಮ್ಮನಿಗೆ, ಅತಾವುಲ್ಲಾನ ಕೈಬರಹದಲ್ಲಿ ನಿನ್ನ ಅಣ್ಣ ಹೇಳುವುದು:

"ಈ ಸಲ ಬೈಗುಳ ಇಲ್ಲ, ಸಿಟ್ಟು ಇಳಿದು ಹೋಗೈತಿ. ಸುದ್ದಿ ಊರಾಗ ಗೊತ್ತಾಗೈತಿ. ನಾ ಹೇಳಿಲ್ಲ, ಮಾಳಮ್ಮ ಬಾವಿ ಕಡೆ ಅಳಕೋಂತ ಹೇಳ್ಯಾಳ. ಹಿರೇರು ಗುಡಿ ಮುಂದ ಕುಂತು ನನ್ನ ಕರೆಸಿದ್ರು. 'ಪೂಜಾರಿ ಮನಿ ಗಂಡ ಸತ್ತ ಹೆಂಗಸು, ಅದೂ ಬ್ಯಾರೆ ದೇವರನ್ನ ಹಿಡಿದಾಕಿ, ಮಣ್ಣಿಗೆ ಕಾಲಿಟ್ರ ನಿನ್ನ ಪೂಜಿ ಸರದಿ ಹೋತು ಅಂತ ತಿಳಕೋ. ಆಕಿನೂ ಕುಲಕ್ಕ ಹೊರಗ' ಅಂದ್ರು. ತಲಿ ಕೆಳಗ ಹಾಕಿ ಬಂದೆ. ಮೂರು ತಲಿಮಾರಿನ ಪೂಜಿ ಅದು. ನನ್ನ ಕೈಯಾಗ ಮುಗಿಬಾರದು.

"ಆ ದಿನ ನಾ ಹಾದ್ಯಾಗ ಅಡ್ಡ ನಿಲ್ತೀನಿ. ನನ್ನ ದಾಟಿ ಹೋದಿ ಅಂದ್ರ ಅಣ್ಣ ತಂಗಿ ಅನ್ನೋದು ಅಲ್ಲಿಗೆ ಮುಗೀತು. ಇದನ್ನ ಕೈಮುಗಿದು ಹೇಳಾಕತ್ತೀನಿ."

ಇಲ್ಲಿಗೆ ಅವನ ಮಾತು ಮುಗಿಯಿತು. ಕಾಗದ ಮಡಿಚುವಾಗ ಇನ್ನೊಂದು ಹೇಳಿದ. "ಇದನ್ನ ಬರಿಬ್ಯಾಡ" ಎಂದ. ಬರೆಯುವುದಿಲ್ಲ ಎಂದು ತಲೆ ಅಲ್ಲಾಡಿಸಿದೆ. ಆದರೆ ಮೂವತ್ತು ವರ್ಷದ ದೋಸ್ತ ನಾನು, ಅವನ ಒಳಗೆ ಏನು ಕೆಟ್ಟಿದೆ ಎಂದು ಗೊತ್ತಿದ್ದೂ ಮುಚ್ಚಿಡುವುದು ನನ್ನಿಂದ ಆಗುವುದಿಲ್ಲ.

ಮೂರನೇ ದಿನ ಮೈಲಾರಿಯ ಎಡೆಯನ್ನು ಕಾಗೆ ಮುಟ್ಟಲಿಲ್ಲವಂತೆ. ಬಿಸಿಲೇರುವ ತನಕ ಕಾದರಂತೆ. ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದು ಹಿರಿಯರು ಅಂದರಂತೆ. ನಿನ್ನ ಅಣ್ಣ ಒದ್ದೆ ಬಟ್ಟೆಯಲ್ಲಿ ನಿಂತು, "ನಿನ್ನ ಹೆಂಡತಿನ್ನ ನಾ ನೋಡ್ಕೋತೀನಿ" ಎಂದು ಮಾತು ಕೊಟ್ಟನಂತೆ. ಆಗಲೂ ಕಾಗೆ ಬರಲಿಲ್ಲ. ಕೊನೆಗೆ ಎಡೆಯನ್ನು ಹಸುವಿಗೆ ತಿನ್ನಿಸಿ ಬಂದರಂತೆ. ಈ ಮಾತು ಬಾಯಿಬಿಟ್ಟರೆ ನಿನಗೆ ಎದೆ ಒಡೆಯುತ್ತದೆ ಎಂದು ಎಲ್ಲರಿಗೂ ಆಣೆ ಹಾಕಿಸಿದನಂತೆ. ಅಂದಿನಿಂದ ಆ ಕಡೆ ಕುರಿ ಹೊಡೆದುಕೊಂಡು ಹೋಗಿಲ್ಲ. "ಮೈಲಾರಿ ಕಾದದ್ದು ಪಕ್ಕೀರಿನ್ನ, ನಾ ಆಕಿನ್ನ ಎಳೆದು ಒಳಗ ಹಾಕಿದೆ" ಎಂದು ಇವತ್ತು ನನ್ನ ಮುಂದೆ ಅತ್ತ. ರೇಡಿಯೋ ಜೋರಾಗಿ ಹಚ್ಚಿದೆ.

ಅತಾವುಲ್ಲಾ


ಹಗರಿಬೊಮ್ಮನಹಳ್ಳಿ
24-3-1999

ಅಣ್ಣಾ,

ಅತಾವುಲ್ಲಾ ಅಣ್ಣ ನೀನು ಬೇಡ ಎಂದದ್ದನ್ನು ಬರೆದಿದ್ದಾನೆ. ಅವನನ್ನು ಬಯ್ಯಬೇಡ. ಇಷ್ಟು ದಿನ ಆ ಕಾಗೆಯನ್ನು ನೀನೊಬ್ಬನೇ ಹೊತ್ತುಕೊಂಡು ತಿರುಗಿದೆಯಾ? ನನಗೆ ನಿನ್ನ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಇಳಿಯಿತು. ಇನ್ನರ್ಧ ಇದೆ, ಅದು ರಟ್ಟೆಯದು.

ಮೈಲಾರಿ ಯಾರ ಮೇಲೂ ಮುನಿಸಿಕೊಂಡಿಲ್ಲ. ಬದುಕಿದ್ದಾಗಲೇ ಒಂದು ಹೊತ್ತಿನ ಮೇಲೆ ಮುನಿಸು ಇಟ್ಟುಕೊಳ್ಳಲು ಬಾರದವನು ಸತ್ತು ಕಲಿಯುತ್ತಾನೆಯೇ? ನನ್ನ ದೇವರು ಸಾವನ್ನು ಸೋಲಿಸಿ ಎದ್ದವನು ಅಣ್ಣಾ, ಅವನ ಕೈಯಲ್ಲಿ ಮೈಲಾರಿ ಇದ್ದಾನೆ. ಕಾಗೆ ಮುಟ್ಟಲಿ ಬಿಡಲಿ.

ಹಿರಿಯರಿಗೆ ಒಂದು ಮಾತು ಕೇಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವವರು ಅವರೇ. ಹೊರಗಿದ್ದವಳನ್ನು ಮತ್ತೆ ಹೊರಗೆ ಹಾಕುವುದು ಹೇಗೆ? ನಿನ್ನ ಪೂಜೆಯ ಮಾತು ಮಾತ್ರ ನನ್ನನ್ನು ಎರಡು ದಿನ ಊಟ ಬಿಡಿಸಿತು. ನಿನಗೆ ನಷ್ಟ ಮಾಡಲು ಬರುತ್ತಿಲ್ಲ. ಆದರೂ ಬರುತ್ತೇನೆ. ಅಡ್ಡ ನಿಲ್ಲುವುದು ನಿನಗೆ ಬಿಟ್ಟದ್ದು, ಹೋಗುವುದು ನನಗೆ ಬಿಟ್ಟದ್ದು. ಶನಿವಾರ ಕೊಟ್ಟೂರಿನಲ್ಲಿ ಅತಾವುಲ್ಲಾ ಅಣ್ಣನ ಮನೆಯಲ್ಲಿ ಇರುತ್ತೇನೆ.

ಪಕ್ಕೀರಮ್ಮ


ಹಗರಿಬೊಮ್ಮನಹಳ್ಳಿ
9-4-1999

ಅಣ್ಣನಿಗೆ,

ನೀನು ಇನ್ನು ಅಣ್ಣ ಹೌದೋ ಅಲ್ಲವೋ ತಿಳಿಯದೆ ಬರೆಯುತ್ತಿದ್ದೇನೆ. ಆ ದಿನ ಜನರ ಮುಂದೆ ನಮ್ಮ ಮಾತುಕತೆ ಆಗಲಿಲ್ಲ. ಆದ್ದರಿಂದ ಹೇಳಬೇಕಾದದ್ದನ್ನು ಇಲ್ಲಿ ಹೇಳುತ್ತೇನೆ.

ಶನಿವಾರ ಸಂಜೆ ಅತಾವುಲ್ಲಾ ಅಣ್ಣನ ಹೆಂಡತಿ ಪರ್ವೀನ್ ನನ್ನ ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದಳು. "ಹಬ್ಬಕ್ಕೆ ಬರಿಗೈಲಿ ಹೋಗ್ತಾರೇನು?" ಅಂದಳು. ಆಡಿನ ಹಾಲು ಕಾಯಿಸಿ ಕೊಟ್ಟಳು. ಅತಾವುಲ್ಲಾ ಅಣ್ಣ ಕತ್ತಲಿರುವಾಗಲೇ ಲೂನಾ ಮೇಲೆ ಊರ ಹೊರಗಿನ ತನಕ ಬಿಟ್ಟ. ಮುಂದೆ ನಡೆದೇ ಬಂದೆ. ದಾರಿಯಲ್ಲಿ ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಹೆಜ್ಜೆ ಹೆಜ್ಜೆಗೂ ಬಳೆ ಸದ್ದು ಮಾಡುತ್ತಿತ್ತು. ಸದ್ದು ಮಾಡಲಿ ಎಂದೇ ಚೊಂಬು ಇಲ್ಲದ ಕೈ ಬೀಸಿ ನಡೆದೆ.

ಮಣ್ಣಿನ ಕಡೆ ತಿರುಗುವ ದಾರಿಯ ಎರಡೂ ಕಡೆ ಜಾಲಿ ಬೇಲಿ. ನಡುವೆ ನೀನು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನಿನ್ನ ಹಿಂದೆ ದೂರದಲ್ಲಿ ಕಲ್ಲಿನ ಮೇಲೆ ಕೂತ ಹಿರಿಯರು. ಎಲ್ಲರೂ ನನ್ನ ಕೈ ನೋಡಿದರು. ನೀನು ನೋಡಿದ್ದು ನನ್ನ ಮುಖ. ಬಹಳ ಬಡವಾಗಿದ್ದೀ ಅಣ್ಣಾ.

ನಾನು ಹತ್ತಿರ ಬಂದಾಗ ಕೋಲನ್ನು ಬೇಲಿಯಿಂದ ಬೇಲಿಗೆ ಅಡ್ಡ ಹಿಡಿದೆ. ಎದೆಮಟ್ಟಕ್ಕೆ ಹಿಡಿದಿದ್ದೆ. ಕೆಳಗೆ ಹಿಡಿಯಬಹುದಿತ್ತು, ನೀನು ಹಿಡಿಯಲಿಲ್ಲ. ನಾನು ಹಾಲು ತುಳುಕದ ಹಾಗೆ ಬಗ್ಗಿ ಕೋಲಿನ ಕೆಳಗೆ ದಾಟಿದೆ. ಆಗ ನಿನ್ನ ಬಾಯಿಂದ ಮೆಲ್ಲಗೆ ಒಂದು ಮಾತು ಬಂತು.

"ಲಾಭ."

ಸಂಜೆ ಕುರಿಗಳನ್ನು ಕೋಲಿನ ಕೆಳಗೆ ದಾಟಿಸಿ ಎಣಿಸುವಾಗ, ಮೊದಲ ಕುರಿಗೆ ಒಂದು ಅನ್ನದೆ ಲಾಭ ಅನ್ನುತ್ತೀಯಲ್ಲ, ಅದೇ ಲಾಭ. ಹಿರಿಯರಿಗೆ ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿಸಿತು. ಬಾಯಿ ತಪ್ಪಿ ಬಂದಿರಬಹುದು, ಮೂವತ್ತು ವರ್ಷದ ರೂಢಿ. ಆದರೆ ಮನೆಯಿಂದ ಕಳೆದುಹೋದ ಲೆಕ್ಕದಲ್ಲಿದ್ದವಳು ನಾನು. ಆ ಒಂದು ಮಾತು ಕೇಳಿ ತಲೆ ಎತ್ತಿ ಮುಂದೆ ನಡೆದೆ.

ಮಣ್ಣಿನ ಹತ್ತಿರ ಅಳುತ್ತೇನೆ ಎಂದುಕೊಂಡಿದ್ದೆ. ಅಳು ಬರಲಿಲ್ಲ. ಹಾಲು ಬಿಟ್ಟೆ. "ಮೈಲಾರಿ" ಎಂದು ಬಾಯಿ ತುಂಬ ಕರೆದೆ. ಬೆಳಕು ಹರಿಯುತ್ತಿತ್ತು. "ಅವನು ಎದ್ದಾನ, ನಿನ್ನೂ ಎಬ್ಬಿಸ್ತಾನ" ಎಂದು ಹೇಳಿದೆ. ಹೇಳುತ್ತಿದ್ದ ಹಾಗೆ ನಗು ಬಂತು. ಹಿಂದೆ ಯಾರೋ, "ನೋಡ್ರಿ, ಹುಚ್ಚು ಹಿಡಿದೈತಿ ಆಕಿಗೆ" ಅಂದರು. ಕಲ್ಲಿನ ಮೇಲೆ ಕೂತವರು ಯಾವಾಗಲೂ ಅದನ್ನೇ ಅನ್ನುತ್ತಾರೆ. ಇನ್ನೂ ಜೋರಾಗಿ ನಕ್ಕೆ. ಕಾಗೆ ಬಂತೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ.

ಮರಳಿ ಬರುವಾಗ ನೀನು ಬೆನ್ನು ತಿರುಗಿಸಿ ನಿಂತಿದ್ದೆ. ಕರೆಯೋಣವೆಂದುಕೊಂಡೆ. ಅಷ್ಟು ಜನರ ಮುಂದೆ ನಿನ್ನನ್ನು ಇನ್ನೂ ಕಷ್ಟಕ್ಕೆ ತಳ್ಳುವುದು ಬೇಡವೆಂದು ಸುಮ್ಮನೆ ದಾಟಿ ಬಂದೆ. ಕೋಲು ಆಗ ಅಡ್ಡ ಇರಲಿಲ್ಲ.

ಇಲ್ಲಿ ಪಾಸ್ಟರಯ್ಯ, "ಹಾಲು ಬಿಟ್ಟೆಯಾ?" ಎಂದು ಕೇಳಿದರು. "ಬಿಟ್ಟೆ, ಅಲ್ಲಿ ನಿಂತು ಎಲ್ಲರಿಗೂ ಕೇಳೋ ಹಂಗ ಅವನು ಎದ್ದಾನ ಅಂತಾನೂ ಹೇಳಿದೆ. ನೀವು ಇಲ್ಲಿ ಹೇಳಿದ್ದು ನಂಬಿದವರಿಗೆ, ನಾ ಅಲ್ಲಿ ಹೇಳಿದ್ದು ನಂಬದವರಿಗೆ" ಎಂದೆ. ದೀಕ್ಷಾಸ್ನಾನ ಮುಂದಿನ ತಿಂಗಳು ನೋಡೋಣ ಎಂದಿದ್ದಾರೆ. ನೋಡಲಿ. ನನ್ನ ನಂಬಿಕೆ ಆ ನೀರಿಗೆ ಕಾದು ಕೂತಿಲ್ಲ.

ಒಂದೇ ಕೇಳುತ್ತೇನೆ. ನಾನು ನಿನಗೆ ಏನು?

ಪಕ್ಕೀರಮ್ಮ


ಕೊಟ್ಟೂರು
2-5-1999

ತಂಗಿ ಪಕ್ಕೀರಮ್ಮನಿಗೆ,

ಮೂರು ಸಂತೆ ಬೀರಪ್ಪಣ್ಣ ಅಂಗಡಿಗೆ ಬರಲಿಲ್ಲ. ಇವತ್ತು ಬಂದ. ನಿನ್ನ ಕಾಗದವನ್ನು ಎರಡು ಸಲ ಓದಿಸಿದ. ರೇಡಿಯೋ ಹಚ್ಚಲು ಹೋದರೆ, "ಬ್ಯಾಡ, ಕೇಳಿದ್ರ ಕೇಳ್ಲಿ" ಎಂದ. ಇನ್ನು ಮುಂದಿನದು ಅವನದು. ಈ ಸಲ ಬರೆಯಬೇಡ ಎಂದದ್ದು ಏನೂ ಇಲ್ಲ.

"ಪಕ್ಕೀರೀ, ಲಾಭ ಅಂದದ್ದು ಬಾಯಿ ತಪ್ಪಿ. ಅದಕ್ಕ ದೊಡ್ಡ ಕಥಿ ಕಟ್ಟಬ್ಯಾಡ.

"ನೀ ಹೋದ ಮ್ಯಾಲ ಹಿರೇರು ಗೋಮೂತ್ರ ತರಿಸಿದ್ರು. ಆ ಮಣ್ಣು, ನೀ ನಡೆದ ಹಾದಿ, ಎಲ್ಲಾ ಚಿಮುಕಿಸಿ ಶುದ್ಧ ಮಾಡು ಅಂತ ನನ್ನ ಕೈಯಾಗ ತಂಬಿಗಿ ಕೊಟ್ರು. ಪೂಜಾರಿ ನಾನಲ್ಲ? ತಂಬಿಗಿ ಹಿಡ್ಕೊಂಡು ನಿಂತೆ. ನಿನ್ನ ಹೆಜ್ಜಿ ಕಾಣತಿದ್ವು, ಬರಿಗಾಲಿನವು. ಸಣ್ಣಾಕಿದ್ದಾಗ ನನ್ನ ಬೆನ್ನ ಹಿಂದ ಬರತಿದ್ವಲ್ಲ, ಅವೇ. ತಂಬಿಗಿ ಕೆಳಗ ಇಟ್ಟೆ. 'ನನ್ನ ತಂಗಿ ತುಳಿದ ನೆಲ ಮೈಲಿಗಿ ಅಲ್ಲ. ಬೇಕಾದ್ರ ನೀವ ಚಿಮುಕಿಸ್ಕೋರಿ' ಅಂದೆ. ಪೂಜಿ ಸರದಿ ಅವತ್ತೇ ಹೋತು. ಗುಡಿ ಬೀಗದ ಕೈ ಇಸಗೊಂಡ್ರು. ಬೀರಪ್ಪ ಎಲ್ಲಿ ಹೋಗ್ತಾನ? ನಾ ಕುರಿ ಹಿಂದ ಇದ್ರೂ ನೆನಸ್ತೀನಿ. ಅವನೂ ಕುರಿ ಕಾಯ್ದವನೇ, ಅವನಿಗೆ ಗೊತ್ತಾಕೈತಿ.

"ನಿನ್ನ ಮ್ಯಾಲ ನನಗ ಸಿಟ್ಟು ಇಲ್ಲ ಅಂತ ಅಲ್ಲ. ಐತಿ. ಮೂರು ತಲಿಮಾರಿನದು ಹೋತು, ಹೊಟ್ಟಿ ಉರಿತೈತಿ. ಹೇಳಿಬಿಡ್ತೀನಿ.

"ನೀ ಹೋಗಿ ಎಂಟು ದಿನಕ್ಕ ನಾನೂ ಆ ಕಡೆ ಹೋದೆ. ವರ್ಷ ಆತು ನೋಡು ಹೋಗಿ. ಇಪ್ಪತ್ತೊಂದು ಕಲ್ಲೂ ಹಂಗ ಅದಾವ. ಒಂದೂ ಸರಿದಿಲ್ಲ. ಅದನ್ನೂ ಸುಳ್ಳು ಹೇಳಂಗಿಲ್ಲ ನಾನು. ನೀ ನಂಬಿದ್ದು ನನ್ನ ತಲಿಗೆ ಹತ್ತಂಗಿಲ್ಲ. ಆದ್ರ ಆ ದಿನ ನೀ ಅಲ್ಲಿ ನಿಂತು ನಕ್ಕಿಯಲ್ಲ, ಅದು ಹುಚ್ಚಿನ ನಗಿ ಅಲ್ಲ. ಹುಚ್ಚು ನಾ ನೋಡೀನಿ. ಮೂಲ್ಯಾಗ ಕುಂತಿದ್ದಿ ನೋಡು ಮೂರು ತಿಂಗಳು, ಅದು ಹುಚ್ಚು. ಇದು ಬ್ಯಾರೆ. ಏನು ಅಂತ ನನಗ ಗೊತ್ತಿಲ್ಲ.

"ನೀ ನನಗ ಏನು ಅಂತ ಕೇಳಿದಿ. ಕೇಳಿಸ್ಕೋ. ಇವತ್ತಲ್ಲ ನಾಳಿ ನಾನೂ ಸಾಯಾವನೇ. ನಾ ಸತ್ತ ಮೂರನೇ ದಿನ ಮಣ್ಣಿಗೆ ಎಲ್ಲರಕಿಂತ ಮೊದಲು ನೀ ಹೋಗಬೇಕು. ಬಳಿ ಹಾಕ್ಕೊಂಡು ಹೋಗು. ಗಂಡಸರು ಹಿಂದ ಇರ್ಲಿ. ಅಲ್ಲಿ ಹೋಗಿ, ನೋಡಿ ಬಂದು, ನೀ ಏನು ಹೇಳ್ತೀಯೋ ಅದನ್ನ ನಂಬಬೇಕು ಅಂತ ನನ್ನ ಮಕ್ಕಳಿಗೆ ಈಗಲೇ ಹೇಳಿಟ್ಟೀನಿ."

ನಿನ್ನ ಅಣ್ಣ,
ದೊಡ್ಡಬೀರಪ್ಪ
(ಹೆಬ್ಬೆಟ್ಟು ಅವನದೇ)